ಅಪ್ಪಯ್ಯ ಪುರೋಹಿತರು ಬೇಡ ಎಂದಿದ್ದಾರೆ. ಹಾಗಾದರೆ ಆ ದಿನ ಮಾಡುವುದೇನು?

ಮೇಷ್ಟ್ರಮಗಳು · ಜೂನ್ 3, ರಾತ್ರಿ 9:40

ನಮ್ಮದು ತೀರ್ಥಹಳ್ಳಿ ತಾಲೂಕಿನ ಒಂದು ಹಳ್ಳಿ. ಅಪ್ಪಯ್ಯನಿಗೆ 81 ವರ್ಷ. ಗಣಿತದ ಮೇಷ್ಟ್ರಾಗಿ ರಿಟೈರ್ ಆದವರು. ಈಗ ಲಿವರ್‌ನಲ್ಲಿ ಕ್ಯಾನ್ಸರ್. ಡಾಕ್ಟರು "ಮಳೆಗಾಲ ಕಳೆದರೆ ದೊಡ್ಡದು" ಎಂದಿದ್ದಾರೆ. ತಲೆ ಮಾತ್ರ ಚುರುಕು. ಇವತ್ತಿಗೂ ಡೈರಿ ಹಾಲಿನ ಲೆಕ್ಕ ಅವರದೇ.

ಹೋದ ವಾರ ಹಳೇ ಹಾಜರಿ ಪುಸ್ತಕದ ಒಂದು ಹಾಳೆ ಹರಿದು, ಬರೆದು, ನನ್ನ ಕೈಗೆ ಕೊಟ್ಟರು. "ಪುರೋಹಿತರು ಬೇಡ, ದಾಸಯ್ಯ ಬೇಡ. ಹನ್ನೊಂದು, ಹದಿಮೂರು ಯಾವುದೂ ಬೇಡ. ಬೂದಿಯನ್ನು ಹೊಳೆಗೆ ಬಿಡಬೇಡಿ. ಫ್ಲೆಕ್ಸ್ ಬೇಡ. ಭಾಷಣ ಬೇಡ. ಅಳುವವರು ಅಳಲಿ." ಕೆಳಗೆ ಸಹಿ, ದಿನಾಂಕ. ಥೇಟ್ ರಜಾ ಅರ್ಜಿ.

ಏನೇನು ಬೇಡ ಎಂಬುದು ಗೊತ್ತಾಯಿತು. ಏನು ಬೇಕು ಎಂಬುದು ಒಂದು ಸಾಲೂ ಇಲ್ಲ! ಅಪ್ಪಯ್ಯ ಅಮ್ಮನದು ಮಂತ್ರಮಾಂಗಲ್ಯ, ಪುರೋಹಿತರಿಲ್ಲದ ಸರಳ ಮದುವೆ. ಮದುವೆಗಾದರೆ ಕುವೆಂಪು ಒಂದು ದಾರಿ ಹಾಕಿಕೊಟ್ಟು ಹೋದರು. ಸಾವಿಗೆ ಅಂಥದ್ದು ಏನಾದರೂ ಇದೆಯಾ? ಅಮ್ಮ ಆಗ ಅಪ್ಪಯ್ಯನ ಹಟಕ್ಕೆ ಒಪ್ಪಿದವರು, ಆದರೆ ದೇವರ ಮುಂದೆ ದೀಪ ಹಚ್ಚದೆ ಒಂದು ದಿನವೂ ಕಾಫಿ ಕುಡಿದವರಲ್ಲ. ಅಣ್ಣ ಬೆಂಗಳೂರಿನಲ್ಲಿದ್ದಾನೆ, "ಟೈಮ್ ಬಂದಾಗ ನೋಡೋಣ" ಎನ್ನುತ್ತಾನೆ. ಊರಿನ ಜನ ಅಂಗಳದಲ್ಲಿ ಬಂದು ನಿಂತಾಗ ನಾನು ಏನು ಹೇಳಲಿ? ಮಾಡಿದವರು ಇದ್ದರೆ ದಯವಿಟ್ಟು ಬರೆಯಿರಿ.

ಹಾಳೆಟೋಪಿ · ಜೂನ್ 3, ರಾತ್ರಿ 9:58

ಮೊದಲು ಮೇಷ್ಟ್ರಿಗೆ ನಮಸ್ಕಾರ. "ಭಾಷಣ ಬೇಡ" ಎಂಬ ಒಂದು ಸಾಲಿಗೇ ನಾನು ಅವರ ಶಿಷ್ಯ.

ಸಾಗರದಮಾಣಿ · ಜೂನ್ 3, ರಾತ್ರಿ 10:15

ಬೇಜಾರು ಮಾಡಿಕೊಳ್ಳಬೇಡಿ ಅಕ್ಕ. ಅಪರಕರ್ಮ ಎಂಬುದು ಹೋದವರಿಗಿಂತ ಉಳಿದವರಿಗೆ ಜಾಸ್ತಿ ಬೇಕು. ಅಪ್ಪಯ್ಯ ಹೋದ ಮೇಲೆ ಅವರಿಗೆ ಏನು ಗೊತ್ತಾಗುತ್ತದೆ? ಅಮ್ಮ ಮಾತ್ರ ಇನ್ನೂ ಹತ್ತು ವರ್ಷ ಅದೇ ಮನೆಯಲ್ಲಿ, ಅದೇ ಊರಿನಲ್ಲಿ ಇರಬೇಕು. ದಿನಾ ಬಾವಿಕಟ್ಟೆಯಲ್ಲಿ "ಗಂಡನಿಗೆ ಏನೂ ಮಾಡಲಿಲ್ಲವಂತೆ" ಅನ್ನಿಸಿಕೊಳ್ಳುವುದು ಅವರು. ನೀವಲ್ಲ, ನಾನಲ್ಲ.

ಕಾಫಿಪುಡಿ · ಜೂನ್ 3, ರಾತ್ರಿ 10:21

ಬಾವಿಕಟ್ಟೆ ಎಲ್ಲಿದೆ ಮಾರಾಯ ಈಗ? ಎಲ್ಲರ ಮನೆಗೂ ನಲ್ಲಿ ಬಂದಿದೆ. ಈಗ ಅನ್ನಿಸಿಕೊಳ್ಳುವುದೇನಿದ್ದರೂ ವಾಟ್ಸಾಪ್‌ನಲ್ಲಿ.

ಸಾಗರದಮಾಣಿ · ಜೂನ್ 3, ರಾತ್ರಿ 10:24

ಅದು ಇನ್ನೂ ಕಷ್ಟ. ಡಿಲೀಟ್ ಆಗುವುದಿಲ್ಲ.

ಮಳೆನಕ್ಷತ್ರ · ಜೂನ್ 3, ರಾತ್ರಿ 11:30

ನಾವು ಮಾಡಿದ್ದೇವೆ. ಆರು ವರ್ಷದ ಹಿಂದೆ, ಕೊಪ್ಪದ ಹತ್ತಿರ, ನಮ್ಮ ಚಿಕ್ಕಪ್ಪಯ್ಯನಿಗೆ. ಚೆನ್ನಾಗಿ ಆಯಿತು ಎಂದು ಹೇಳಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅವರೂ ಹೀಗೇ ಬೇಡ, ಬೇಡ ಎಂದು ಬರೆದಿಟ್ಟಿದ್ದರು. ನಾವು ಒಂದಕ್ಷರ ಬಿಡದೆ ಪಾಲಿಸಿದೆವು. ಬೆಳಿಗ್ಗೆ ಎಂಟಕ್ಕೆ ಜಗಲಿಯಲ್ಲಿ ಮಲಗಿಸಿದೆವು. ಜನ ಬಂದರು. ನಿಂತರು. ಅಷ್ಟೇ. ಯಾವಾಗ ಎತ್ತುವುದು, ಯಾರು ಹೆಗಲು ಕೊಡುವುದು, ಕೊಳ್ಳಿ ಇಡುವುದು ಯಾರು, ಒಬ್ಬರಿಗೂ ಗೊತ್ತಿಲ್ಲ. ಭಟ್ಟರಿದ್ದರೆ "ಎಳ್ಳು ತನ್ನಿ, ಮಡಕೆ ತನ್ನಿ, ಏ ನೀನು ಸ್ನಾನ ಮಾಡಿ ಬಾ" ಎಂದು ಎಲ್ಲರನ್ನೂ ಓಡಾಡಿಸುತ್ತಿದ್ದರು. ನಮ್ಮನ್ನು ಓಡಾಡಿಸುವವರೇ ಇರಲಿಲ್ಲ. ಗಂಡಸರು ಮೊಬೈಲ್ ನೋಡಿದರು. ಚಿಕ್ಕಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಸುತ್ತುವುದು. ಎರಡು ಗಂಟೆ ಹೊತ್ತು ಅದೇ. ಕೊನೆಗೆ ಪಕ್ಕದ ಮನೆ ಅಜ್ಜಿಗೆ ತಡೆಯಲಿಲ್ಲ. ಒಂದು ಲೋಟ ನೀರು ತಂದು "ಬಾಯಿಗಾದರೂ ಬಿಡು ಮಾರಾಯ್ತಿ" ಎಂದು ಚಿಕ್ಕಮ್ಮನ ಕೈಗೆ ಕೊಟ್ಟರು. ಚಿಕ್ಕಮ್ಮ ನೀರು ಬಿಟ್ಟರು. ಆಗ ಅತ್ತರು. ಅಲ್ಲಿಯವರೆಗೆ ಒಂದು ಹನಿ ಬಂದಿರಲಿಲ್ಲ.

ಮಂತ್ರ ಇಲ್ಲದ್ದಕ್ಕೆ ಯಾರೂ ಏನೂ ಅನ್ನಲಿಲ್ಲ. ಕೈಗೆ ಕೆಲಸ ಇಲ್ಲದೆ ಎಲ್ಲರೂ ಒದ್ದಾಡಿದರು. ಮೈ ಒರೆಸಿ ಬಟ್ಟೆ ಹಾಕುವವರು ಯಾರು? ಚಟ್ಟ ಕಟ್ಟುವವರು ಯಾರು? ಅಂಗಳದಿಂದ ಎತ್ತುವ ಮೊದಲು ಎರಡು ಮಾತು ಹೇಳುವವರು ಯಾರು? ಹೆಂಡತಿ ಏನು ಮಾಡಬೇಕು, ಮೊಮ್ಮಕ್ಕಳು ಏನು ಮಾಡಬೇಕು? ಇದಿಷ್ಟನ್ನು ಈಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಹೆಸರು ಸಮೇತ.

ನರ್ಸಕ್ಕ · ಜೂನ್ 4, ಬೆಳಿಗ್ಗೆ 6:10

ಮಳೆನಕ್ಷತ್ರ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಡ್ಯೂಟಿ ಕಡೆಯ ಮಾತು ಸೇರಿಸುತ್ತೇನೆ.

ಕಣ್ಣು ಕೊಡುವ ಮನಸ್ಸಿದೆಯಾ ಎಂದು ಈಗಲೇ ಕೇಳಿ. ಉಸಿರು ನಿಂತು ಆರು ಗಂಟೆಯ ಒಳಗೆ ಆಗಬೇಕು. ವಯಸ್ಸಿನ ಅಡ್ಡಿ ಇಲ್ಲ. ಕನ್ನಡಕ ಇದ್ದರೂ, ಪೊರೆ ತೆಗೆಸಿದ್ದರೂ, ಶುಗರ್ ಬಿಪಿ ಇದ್ದರೂ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಲಿವರ್ ಕ್ಯಾನ್ಸರ್ ಎಂದಿರಿ, ಅದರ ಜೊತೆ ಹೆಪಟೈಟಿಸ್ ಬಿ ಅಥವಾ ಸಿ ಇದ್ದರೆ ಆಗುವುದಿಲ್ಲ. ಹಳೇ ರಿಪೋರ್ಟ್ ನೋಡಿಕೊಳ್ಳಿ. ಆ ಹೊತ್ತಿಗೆ ಮಾಡುವುದು ಇಷ್ಟೇ: ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಗೆ ದಿಂಬು ಕೊಟ್ಟು ಸ್ವಲ್ಪ ಎತ್ತರಿಸಿ, ನೇತ್ರ ಬ್ಯಾಂಕ್‌ಗೆ ಫೋನ್ ಮಾಡಿ. ಅವರೇ ಮನೆಗೆ ಬರುತ್ತಾರೆ. ಅರ್ಧ ಗಂಟೆ ಸಾಕು. ಮುಖ ವಿಕಾರ ಆಗುವುದಿಲ್ಲ.

ಎದೆಯಲ್ಲಿ ಪೇಸ್‌ಮೇಕರ್ ಇದ್ದವರಾದರೆ ಸುಡುವ ಮೊದಲು ತೆಗೆಸಲೇಬೇಕು. ಬೆಂಕಿಗೆ ಸಿಡಿಯುತ್ತದೆ. ಇದನ್ನು ಎಷ್ಟೋ ಮನೆಯಲ್ಲಿ ಮರೆಯುತ್ತಾರೆ.

ಹಾಳೆಟೋಪಿ · ಜೂನ್ 4, ಬೆಳಿಗ್ಗೆ 7:02

ದೇಹದಾನವೇ ಮಾಡಿಬಿಟ್ಟರೆ ಈ ತಲೆಬಿಸಿಯೇ ಇಲ್ಲವಲ್ಲ? ಶಿವಮೊಗ್ಗದಲ್ಲೇ ಮೆಡಿಕಲ್ ಕಾಲೇಜಿದೆ. ಗಾಡಿಯಲ್ಲಿ ಕಳಿಸಿದರಾಯಿತು. ಪುರೋಹಿತರೂ ಇಲ್ಲ, ಸೌದೆಯೂ ಇಲ್ಲ.

ನರ್ಸಕ್ಕ · ಜೂನ್ 4, ಬೆಳಿಗ್ಗೆ 7:20

ಅಷ್ಟು ಸುಲಭ ಅಲ್ಲ. ಫಾರ್ಮ್ ತುಂಬಿಟ್ಟಿದ್ದರೂ ಕೊನೆಗೆ ಮನೆಯವರು ಮನಸ್ಸು ಮಾಡಬೇಕು. ಮನೆಯವರು ಬೇಡ ಎಂದರೆ ಕಾಲೇಜಿನವರು ಒತ್ತಾಯ ಮಾಡುವುದಿಲ್ಲ. ಪೋಸ್ಟ್‌ಮಾರ್ಟಂ ಆದ ದೇಹ ತೆಗೆದುಕೊಳ್ಳುವುದಿಲ್ಲ, ಅಂಟುರೋಗ ಇದ್ದರೂ ಇಲ್ಲ. ಅನಾಟಮಿ ವಿಭಾಗಕ್ಕೆ ಮೊದಲೇ ಹೋಗಿ, ರಜಾ ದಿನ ಯಾರಿಗೆ ಫೋನ್ ಮಾಡಬೇಕು ಎಂದು ಕೇಳಿಟ್ಟುಕೊಳ್ಳಿ.

ತುಂಗೆದಂಡೆ · ಜೂನ್ 4, ಬೆಳಿಗ್ಗೆ 8:45

ರಜಾ ದಿನದ ಮಾತು ಬಂತಲ್ಲ, ಅದಕ್ಕೆ ಬರೆಯುತ್ತೇನೆ. ನಮ್ಮ ಮಾವನ ದೇಹವನ್ನು ಒಂದು ಕಾಲೇಜಿಗೆ ಕೊಡುವುದೆಂದು ಫಾರ್ಮ್ ಆಗಿತ್ತು. ಯಾವ ಕಾಲೇಜು ಎಂದು ಹೇಳುವುದಿಲ್ಲ. ಮಾವ ತೀರಿಕೊಂಡಿದ್ದು ದೀಪಾವಳಿಯ ಭಾನುವಾರ. ಫೋನ್ ರಿಂಗ್ ಆಗುತ್ತದೆ, ಎತ್ತುವವರಿಲ್ಲ. ಗೇಟಿನ ತನಕ ಆಂಬ್ಯುಲೆನ್ಸ್ ಒಯ್ದೆವು. ವಾಚ್‌ಮನ್ "ನಾಳೆ ಬನ್ನಿ" ಎಂದ. ನಾಳೆ ಬರಲು ಮಾವ ಏನು ಪಹಣಿ ತೆಗೆಸಲು ಹೋಗಿದ್ದರಾ? ಸಂಜೆ ಶಿವಮೊಗ್ಗದ ಚಿತಾಗಾರದಲ್ಲಿ ಸುಟ್ಟು ಬಂದೆವು. ಹಾಗಾಗಿ ಎರಡನೇ ದಾರಿ ಒಂದು ಇಟ್ಟುಕೊಂಡಿರಿ.

ಮೇಷ್ಟ್ರಮಗಳು · ಜೂನ್ 4, ಬೆಳಿಗ್ಗೆ 9:30

ಎಲ್ಲರಿಗೂ ಥ್ಯಾಂಕ್ಸ್. ನರ್ಸಕ್ಕ, ರಿಪೋರ್ಟ್ ನೋಡಿದೆ. ಹೆಪಟೈಟಿಸ್ ಎರಡೂ ನೆಗೆಟಿವ್. ಕಣ್ಣು ಕೊಡೋಣವಾ ಎಂದು ಕೇಳಿದೆ. "ಚಿಕ್ಕಕ್ಷರ ಓದಲಿಕ್ಕಾಗದ ಕಣ್ಣು, ಯಾರಿಗೆ ಬೇಕೋ ಕೊಡು" ಎಂದರು. ದೇಹದಾನ ಅಮ್ಮ ಸುತರಾಂ ಒಪ್ಪಲಿಲ್ಲ. "ಹುಡುಗರು ಕೊಯ್ಯುತ್ತಾರೆ" ಎಂದು ಅತ್ತರು. ಅಪ್ಪಯ್ಯ ಅದನ್ನು ಕೇಳಿಸಿಕೊಂಡು "ಹಾಗಾದರೆ ಬೇಡ" ಎಂದರು. ಅಲ್ಲಿಗೆ ಅದು ಮುಗಿಯಿತು.

ಬರೆದ ಹಾಳೆಗೆ ಕಾನೂನಿನ ಬೆಲೆ ಇದೆಯಾ?

ಕರಿಕೋಟು · ಜೂನ್ 4, ಬೆಳಿಗ್ಗೆ 10:05

ಆಸ್ತಿಯ ವಿಲ್ ಇದ್ದ ಹಾಗೆ ಅಲ್ಲ. ಯಾವ ರೀತಿ ಸುಡಬೇಕು, ಯಾರು ಸುಡಬೇಕು ಎಂದು ಬರೆದಿಟ್ಟಿದ್ದಕ್ಕೆ ಕೋರ್ಟಿಗೆ ಹೋಗಿ ಜಾರಿ ಮಾಡಿಸುವುದು ಕಷ್ಟ. ಅದು ಮನೆಯವರ ಮರ್ಯಾದೆಗೆ ಬಿಟ್ಟದ್ದು. ಆದರೆ ಸಹಿ ಇರುವ ಹಾಳೆ ಜಗಳ ಬಿಡಿಸುತ್ತದೆ. ಅಣ್ಣನಿಗೆ ಒಂದು ಕಾಪಿ ಈಗಲೇ ಕಳಿಸಿ. ಚಿಕ್ಕಪ್ಪ ದೊಡ್ಡಪ್ಪ ಇದ್ದರೆ ಅವರಿಗೂ. ಸಾವಿನ ದಿನ ತೋರಿಸಿದರೆ "ಇದನ್ನು ನೀನೇ ಬರೆಸಿದ್ದು" ಎನ್ನುತ್ತಾರೆ.

ಇನ್ನೊಂದು: ಕೊನೆಯಲ್ಲಿ ವೆಂಟಿಲೇಟರ್ ಬೇಕೋ ಬೇಡವೋ ಎಂದು ಬರೆದಿಡುವುದು ಬೇರೆ ವಿಷಯ. ಅದಕ್ಕೆ ಬೆಲೆ ಇದೆ. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ, 2023ರಲ್ಲಿ ಸುಲಭ ಮಾಡಿತು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಮೇಷ್ಟ್ರನ್ನು ಅದನ್ನೂ ಕೇಳಿ.

ಸಾಗರದಮಾಣಿ · ಜೂನ್ 4, ಬೆಳಿಗ್ಗೆ 10:40

ಬದುಕಿರುವವರ ಮುಂದೆ ಕೂತು ಇಷ್ಟೆಲ್ಲ ಕೇಳುವುದಾ? ನಮ್ಮಲ್ಲಿ "ಬಿಡ್ತು ಅನ್ನು" ಎನ್ನುತ್ತಾರೆ.

ಮೇಷ್ಟ್ರಮಗಳು · ಜೂನ್ 4, ಬೆಳಿಗ್ಗೆ 10:52

ಮಾಣಿ ಅವರೇ, ಕೇಳುತ್ತಿರುವುದು ನಾನಲ್ಲ. ದಿನಾ ಸಂಜೆ "ಆ ವಿಷಯ ಎಲ್ಲಿಗೆ ಬಂತು?" ಎಂದು ಅವರೇ ಕೇಳುತ್ತಾರೆ.

ಲೀಡ್ಸ್‌ನಲ್ಲಿಮಳೆ · ಜೂನ್ 4, ಮಧ್ಯಾಹ್ನ 2:15

ಹೊಸನಗರದವಳು, ಈಗ ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಇದು ತುಂಬ ಸಾಮಾನ್ಯ. ಹ್ಯೂಮನಿಸ್ಟ್ಸ್ ಯುಕೆ ಎಂಬ ಸಂಸ್ಥೆ ಇದಕ್ಕೆಂದೇ ಜನರನ್ನು ತಯಾರು ಮಾಡುತ್ತದೆ. ಪಾದ್ರಿಯ ಬದಲು ಅವರು ನಡೆಸಿಕೊಡುತ್ತಾರೆ. ನನ್ನ ಸಹೋದ್ಯೋಗಿಯ ತಾಯಿ ಹೋದಾಗ ಒಬ್ಬ ಹೆಂಗಸು ಮನೆಗೆ ಬಂದು ಎರಡು ಗಂಟೆ ಕೂತು ಕೇಳಿದರು: ಅಮ್ಮ ಏನು ಓದುತ್ತಿದ್ದರು, ಯಾರ ಹತ್ತಿರ ಜಗಳ ಮಾಡುತ್ತಿದ್ದರು, ಅವರ ಕೈಯ ಯಾವ ಅಡುಗೆ ಕೆಟ್ಟದಾಗಿತ್ತು! ಅದನ್ನೇ ಜೋಡಿಸಿ ಅವತ್ತು ಹೇಳಿದರು. ಜನ ನಕ್ಕರು, ಅತ್ತರು. ಅಮ್ಮನಿಗೆ ಇಷ್ಟದ ಎರಡು ಹಾಡು. ಬೆತ್ತದ ಬುಟ್ಟಿಯ ಥರ ಹೆಣೆದ ಪೆಟ್ಟಿಗೆ. ಅರ್ಧ ಗಂಟೆಯಲ್ಲಿ ಮುಗಿಯಿತು, ಯಾಕೆಂದರೆ ಮುಂದಿನವರು ಹೊರಗೆ ಕಾಯುತ್ತಿದ್ದರು.

ಆದರೆ ಒಂದು ದೊಡ್ಡ ವ್ಯತ್ಯಾಸ. ಇಲ್ಲಿ ಸತ್ತು ಎರಡು ಮೂರು ವಾರ ಆದ ಮೇಲೆ ಇದೆಲ್ಲ. ಕೂತು ಯೋಚನೆ ಮಾಡಲು ಟೈಮ್ ಇರುತ್ತದೆ. ನಮ್ಮಲ್ಲಿ ಬೆಳಿಗ್ಗೆ ಹೋದರೆ ಸಂಜೆ ಬೂದಿ. ಹಾಗಾಗಿ ಇಲ್ಲಿಯವರು ಸತ್ತ ಮೇಲೆ ಕೇಳುವ ಪ್ರಶ್ನೆ ನಾವು ಮೊದಲೇ ಕೇಳಬೇಕು. ಮೇಷ್ಟ್ರು ಇನ್ನೂ ಇದ್ದಾರೆ, ಅವರನ್ನೇ ಕೇಳಬಹುದು. ಆ ಭಾಗ್ಯ ಇಲ್ಲಿಯವರಿಗೆ ಇಲ್ಲ.

ಕಾಫಿಪುಡಿ · ಜೂನ್ 4, ಮಧ್ಯಾಹ್ನ 2:40

ಗಿರೀಶ್ ಕಾರ್ನಾಡರದ್ದು 2019ರಲ್ಲಿ ಹಾಗೇ ಆಯಿತಲ್ಲ? ಸರ್ಕಾರಿ ಗೌರವ ಬೇಡ, ಹೂ ಬೇಡ, ವಿಧಿ ಬೇಡ ಎಂದು ಕಲ್ಪಳ್ಳಿಯ ವಿದ್ಯುತ್ ಚಿತಾಗಾರಕ್ಕೆ ಸೀದಾ ಒಯ್ದರು. ನಮ್ಮ ಜಿಲ್ಲೆಯ ಲಂಕೇಶರ ಮಗಳು ಗೌರಿಯನ್ನೂ ಹೀಗೇ ಸುಟ್ಟರು.

ಕರಿಕೋಟು · ಜೂನ್ 4, ಮಧ್ಯಾಹ್ನ 2:48

ಗೌರಿಯವರನ್ನು ಸುಡಲಿಲ್ಲ, ಹೂತರು. ಚಾಮರಾಜಪೇಟೆಯಲ್ಲಿ, 2017ರ ಸೆಪ್ಟೆಂಬರ್. ವಿಧಿ ಇರಲಿಲ್ಲ, ಸರ್ಕಾರಿ ಗೌರವ ಇತ್ತು.

ಕಾಫಿಪುಡಿ · ಜೂನ್ 4, ಮಧ್ಯಾಹ್ನ 2:50

ಸರಿ ಸರಿ, ಹೂತರು.

ಸಾಗರದಮಾಣಿ · ಜೂನ್ 4, ಮಧ್ಯಾಹ್ನ 3:10

ಇವರೆಲ್ಲ ಬೆಂಗಳೂರಿನ ದೊಡ್ಡವರು. ಅಲ್ಲಿ ಪಕ್ಕದ ಮನೆಯವರಿಗೆ ಹೆಸರೇ ಗೊತ್ತಿರುವುದಿಲ್ಲ. ಹಳ್ಳಿಯಲ್ಲಿ ನಾಳೆ ಇವರ ಮನೆ ಗದ್ದೆ ನೆಟ್ಟಿಗೆ ಜನ ಬರಬೇಕು, ಅದನ್ನು ಹೇಳಿ.

ಕೂಡ್ಲಿಸಂಗಮ · ಜೂನ್ 4, ಸಂಜೆ 5:00

ನಮ್ಮದು ಲಿಂಗಾಯತರ ಮನೆ. ಹನ್ನೆರಡನೇ ಶತಮಾನದಲ್ಲೇ ಶರಣರು ಜನನ ಸೂತಕ, ಮರಣ ಸೂತಕ, ಜಾತಿ ಸೂತಕ ಸೇರಿ ಐದು ಸೂತಕವನ್ನೂ ಕಿತ್ತು ಬಿಸಾಕಿದ್ದರು. ಒಂಬೈನೂರು ವರ್ಷ ಆಗುತ್ತಾ ಬಂತು. ಹೋದ ವರ್ಷ ನಮ್ಮ ದೊಡ್ಡಮ್ಮ ತೀರಿಕೊಂಡಾಗ ಅಡುಗೆ ಮನೆಗೆ ಯಾರು ಹೋಗಬೇಕು, ಯಾರು ಹೋಗಬಾರದು ಎಂದು ಅರ್ಧ ದಿನ ಪಂಚಾಯ್ತಿ ನಡೆಯಿತು. ಬಿಟ್ಟಿದ್ದು ಹಿಂದಿನ ಬಾಗಿಲಿನಿಂದ ಬರುತ್ತದೆ ಎಂದು ಹೇಳಿದೆ, ಅಷ್ಟೇ.

ಅಂದಹಾಗೆ, ಬೂದಿ ಹೊಳೆಗೆ ಬೇಡ ಎಂದ ಮೇಷ್ಟ್ರಿಗೆ ನನ್ನದೊಂದು ಶರಣು. ತುಂಗಾ ಭದ್ರಾ ಸೇರುವ ಜಾಗದಲ್ಲೇ ನಮ್ಮ ಮನೆ. ಬೇಸಿಗೆಯಲ್ಲಿ ನೀರು ಇಳಿದಾಗ ಬಂದು ನೋಡಿ. ಮಡಕೆ ಚೂರು, ಹಳೇ ಪಂಚೆ, ಪ್ಲಾಸ್ಟಿಕ್ ಚೀಲ. ಅಸ್ಥಿ ಬಿಡಲಿ ಮಾರಾಯ್ರೇ, ಚೀಲ ಯಾಕೆ ಬಿಡುವುದು?

ಹಲಗೆಸದ್ದು · ಜೂನ್ 4, ರಾತ್ರಿ 8:20

ಓದುತ್ತಾ ಬಂದೆ. ಒಂದು ಪ್ರಶ್ನೆ ಯಾರೂ ಕೇಳಲಿಲ್ಲ, ನಾನು ಕೇಳುತ್ತೇನೆ.

ನಮ್ಮಪ್ಪ ಊರಿನ ಎಲ್ಲ ಸಾವಿಗೂ ಹಲಗೆ ಬಡಿದವರು. ಗುಂಡಿ ತೋಡಲು, ಸೌದೆ ಒಡೆಯಲು ನಮ್ಮ ಕೇರಿಗೇ ಹೇಳಿ ಕಳಿಸುತ್ತಿದ್ದರು. ಹೆಣ ಜಗಲಿಯಲ್ಲಿ, ನಮ್ಮಪ್ಪ ಅಂಗಳದ ಆಚೆ ಮಳೆಯಲ್ಲಿ. ಕಾಫಿ ಬರುತ್ತಿದ್ದುದು ತೆಂಗಿನ ಚಿಪ್ಪಿನಲ್ಲಿ. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ, ಕೇಳಿದ್ದಲ್ಲ.

ಈಗ ನೀವು ಮಂತ್ರ ಬಿಡುತ್ತೀರಿ, ಒಳ್ಳೆಯದು. ಸೌದೆ ಒಡೆಯಲು ಯಾರನ್ನು ಕರೆಯುತ್ತೀರಿ? ಚಟ್ಟಕ್ಕೆ ಹೆಗಲು ಯಾರದು? ಆ ಪಟ್ಟಿ ಬರೆಯುವಾಗ ಹೆಸರು ನೋಡಿಕೊಂಡು ಬರೆಯಿರಿ ಮೇಷ್ಟ್ರ ಮಗಳೇ. ಭಟ್ಟರು ಬರಲಿಲ್ಲ ಎಂಬುದೊಂದೇ ಬದಲಾದರೆ ನಮಗೆ ಏನು ಬದಲಾಯಿತು?

ಮಳೆನಕ್ಷತ್ರ · ಜೂನ್ 4, ರಾತ್ರಿ 8:41

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಚಿಕ್ಕಪ್ಪಯ್ಯನ ಸೌದೆ ಒಡೆದವರು ಯಾರು ಎಂದು ಈಗ ನೆನಪು ಮಾಡಿಕೊಂಡೆ. ನೀವು ಹೇಳಿದ ಹಾಗೇ ಆಗಿತ್ತು.

ಮೇಷ್ಟ್ರಮಗಳು · ಜೂನ್ 4, ರಾತ್ರಿ 9:15

ನಿಮ್ಮ ಪೋಸ್ಟನ್ನು ಅಪ್ಪಯ್ಯನಿಗೆ ಓದಿ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹಾಳೆ ವಾಪಸ್ ತೆಗೆದುಕೊಂಡು ಒಂದು ಸಾಲು ಸೇರಿಸಿದರು: "ನನ್ನ ಹತ್ತಿರ ಪಾಠ ಕಲಿತವರು ಯಾರು ಬೇಕಾದರೂ ಹೆಗಲು ಕೊಡಬಹುದು. ಎಲ್ಲರೂ ಜಗಲಿ ಹತ್ತಬೇಕು. ಕಾಫಿ ಒಂದೇ ಥರದ ಲೋಟದಲ್ಲಿ." ಪೆನ್ ಹಿಡಿಯಲು ಕಷ್ಟಪಟ್ಟರು. ಆದರೂ ನನಗೆ ಬರೆಯಲು ಕೊಡಲಿಲ್ಲ.

ಅಡಿಕೆಸಿಪ್ಪೆ · ಜೂನ್ 5, ಬೆಳಿಗ್ಗೆ 6:50

ಎಲ್ಲ ದೊಡ್ಡ ಮಾತಾಯಿತು. ಈಗ ಸೌದೆ ವಿಷಯಕ್ಕೆ ಬರೋಣ. ಜುಲೈನಲ್ಲಿ ನಮ್ಮ ಕಡೆ ಹೆಣ ಸುಡುವುದು ಹುಡುಗಾಟ ಅಲ್ಲ. ನಾನಿರುವುದು ಆಗುಂಬೆ ಕಡೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಹೊಯ್ಯುವ ಜಾಗ.

ಒಂದು ಚಿತೆಗೆ ಒಣಗಿದ ಸೌದೆಯೇ ಮೂರು ನಾಲ್ಕು ಕ್ವಿಂಟಾಲ್ ಬೇಕು. ಹಸಿ ಮಾವು ಕಡಿದು ಹಾಕಿದರೆ ಹೊಗೆ ಬರುತ್ತದೆ, ಬೆಂಕಿ ಬರುವುದಿಲ್ಲ. ಈಗಲೇ ಸೌದೆ ಕೊಟ್ಟಿಗೆಯಲ್ಲಿ ಒಂದು ಮೂಲೆ ಬೇರೆ ಮಾಡಿ ಇಡಿ. ಅಡಿಯಲ್ಲಿ ದಪ್ಪ ಕುಂಟೆ, ನಡುವೆ ಒಣ ತೆಂಗಿನ ಗೆರಟೆ, ಅಡಿಕೆ ಸಿಪ್ಪೆ. ಸಿಪ್ಪೆ ಒಣಗಿದ್ದರೆ ಅದರಂಥ ಉರುವಲು ಇನ್ನೊಂದಿಲ್ಲ. ಮೇಲೆ ನಾಲ್ಕು ಕಂಬ ನೆಟ್ಟು ತಗಡು ಹಾಕಿ. ಎತ್ತರಕ್ಕೆ ಹಾಕಿ, ಇಲ್ಲದಿದ್ದರೆ ಕಂಬಕ್ಕೇ ಬೆಂಕಿ ಹತ್ತುತ್ತದೆ. ಟಯರ್ ಹಾಕಬೇಡಿ, ವಾಸನೆ ಎರಡು ದಿನ ಹೋಗುವುದಿಲ್ಲ. ತೋಟದಲ್ಲೇ ಮಾಡುವುದಾದರೆ ನೀರಿನ ಹಳ್ಳದಿಂದ ದೂರ ಇರಲಿ. ಪಂಚಾಯ್ತಿಗೂ ಮೊದಲೇ ಒಂದು ಮಾತು ಕೇಳಿಟ್ಟುಕೊಳ್ಳಿ.

ಹಾಳೆಟೋಪಿ · ಜೂನ್ 5, ಬೆಳಿಗ್ಗೆ 7:15

ಸಿಪ್ಪೆ ಎಲ್ಲಿದೆ ಸ್ವಾಮಿ, ಎಲೆಚುಕ್ಕೆ ರೋಗ ಬಂದು ಅರ್ಧ ತೋಟ ಹೋಗಿದೆ. ನಿಮ್ಮ ಕಡೆ ಹೇಗಿದೆ?

ಅಡಿಕೆಸಿಪ್ಪೆ · ಜೂನ್ 5, ಬೆಳಿಗ್ಗೆ 7:22

ಕೇಳಬೇಡಿ. ಎರಡು ಸಲ ಬೋರ್ಡೊ ಹೊಡೆಸಿದೆ. ಮರ ಹತ್ತುವವರ ಕೂಲಿಗೆ ತೋಟವನ್ನೇ ಬರೆದು ಕೊಡಬೇಕು.

ನರ್ಸಕ್ಕ · ಜೂನ್ 5, ಬೆಳಿಗ್ಗೆ 7:30

ತೋಟದ ವಿಷಯಕ್ಕೆ ಬೇರೆ ಚರ್ಚೆ ಇದೆಯಲ್ಲ, ಅಲ್ಲಿಗೆ ಹೋಗಿ ನೀವಿಬ್ಬರೂ.

ಅಕ್ಕ, ಮನೆಯಲ್ಲೇ ತೀರಿಕೊಂಡರೆ ಕೊನೆಗೆ ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣದ ಪ್ರಮಾಣಪತ್ರ ಬರೆಸಿಕೊಳ್ಳಿ, ನಮೂನೆ 4ಎ. ಮರಣ ನೋಂದಣಿ 21 ದಿನದ ಒಳಗೆ ಮಾಡಿಸಬೇಕು. ಅದಕ್ಕೆ ಯಾವ ಕರ್ಮದ ರಸೀದಿಯೂ ಬೇಡ.

ತುಂಗೆದಂಡೆ · ಜೂನ್ 5, ಬೆಳಿಗ್ಗೆ 9:10

ನುಡಿನಮನ ಇಡುತ್ತೀರಾ? ಇಡುವುದಾದರೆ ಮೈಕ್ ಯಾರ ಕೈಯಲ್ಲಿ ಎಂದು ಮೊದಲು ತೀರ್ಮಾನ ಮಾಡಿ. ಮಾವನ ನುಡಿನಮನಕ್ಕೆ ಒಬ್ಬ ರಾಜಕಾರಣಿ ಬಂದರು. ಮಾವನ ಬಗ್ಗೆ ಎರಡು ನಿಮಿಷ, ರಸ್ತೆ ಡಾಂಬರು ಮಾಡಿಸಿದ್ದರ ಬಗ್ಗೆ ಇಪ್ಪತ್ತು ನಿಮಿಷ. ಹಿಂದೆ ಕಟ್ಟಿದ್ದ ಫ್ಲೆಕ್ಸ್‌ನಲ್ಲಿ ಮಾವನ ಫೋಟೋಗಿಂತ ಅವರ ಫೋಟೋ ದೊಡ್ಡದು. ಹೂ ಹಾಕುವವರು ಯಾರಿಗೆ ಹಾಕಬೇಕು ಎಂದು ಒಂದು ಗಳಿಗೆ ಯೋಚನೆ ಮಾಡುವ ಹಾಗಿತ್ತು.

ಲೀಡ್ಸ್‌ನಲ್ಲಿಮಳೆ · ಜೂನ್ 5, ಮಧ್ಯಾಹ್ನ 1:30

ಭಾಷಣ ಬೇಡ ಎಂದರೆ ಬೇಡ. ಬಂದವರೆಲ್ಲ ಮೇಷ್ಟ್ರ ಬಗ್ಗೆ ಒಂದು ಸಾಲು ಬರೆದು ಒಂದು ಡಬ್ಬಿಗೆ ಹಾಕಲಿ. ಆಮೇಲೆ ಅಮ್ಮ ಓದಿಕೊಳ್ಳುತ್ತಾರೆ.

ಕಾಫಿಪುಡಿ · ಜೂನ್ 5, ಮಧ್ಯಾಹ್ನ 1:42

ಜುಲೈ ಮಳೆಯಲ್ಲಿ ಕಾಗದ? ಇಂಗ್ಲೆಂಡಿಗೆ ಹೋದ ಮೇಲೆ ನಮ್ಮ ಮಳೆ ಮರೆತು ಹೋಯಿತಾ? 😀

ಸಾಗರದಮಾಣಿ · ಜೂನ್ 5, ಮಧ್ಯಾಹ್ನ 2:20

ನನ್ನ ಮಾತು ಯಾರಿಗೂ ಹಿಡಿಸಲಿಲ್ಲ, ಇರಲಿ. ಆದರೆ ಅಮ್ಮನಿಗೆ ಏನು ಬೇಕು ಎಂದು ಇಷ್ಟು ಜನರಲ್ಲಿ ಒಬ್ಬರೂ ಕೇಳಲಿಲ್ಲ. ಮೇಷ್ಟ್ರಿಗೆ ಹಾಳೆ ಇದೆ. ಅಮ್ಮನಿಗೆ ಹಾಳೆ ಎಲ್ಲಿ?

ಮೇಷ್ಟ್ರಮಗಳು · ಜೂನ್ 6, ರಾತ್ರಿ 10:10

ಮಾಣಿ ಅವರೇ, ನಿಮ್ಮ ಮಾತು ನಾಟಿತು. ನಿನ್ನೆ ಅಮ್ಮನನ್ನು ಕೇಳಿದೆ. ಬಚ್ಚಲ ಒಲೆಗೆ ಸೌದೆ ತುರುಕುತ್ತಾ "ನಂಗೆಂತ ಬೇಕು, ಹೆಚ್ಚೇನಿಲ್ಲ. ತುಳಸಿ ನೀರು ಒಂದು ಬಿಡಬೇಕು. ತಲೆ ಹತ್ತಿರ ದೀಪ ಇರಬೇಕು. ಕತ್ತಲಲ್ಲಿ ಮಲಗಿಸಿದರೆ ನಂಗೆ ಆಗಲ್ಲ" ಎಂದರು.

ಇದನ್ನು ಅಪ್ಪಯ್ಯನಿಗೆ ಹೇಳಿದೆ. ಜಗಳ ಆಗುತ್ತದೆ ಎಂದುಕೊಂಡಿದ್ದೆ. "ದೀಪ ಇರಲಿ, ಕರೆಂಟ್ ಹೇಗೂ ಇರಲ್ಲ. ಇನ್ನೇನಾದರೂ ಅವಳು ಮಾಡಿದರೆ ನೀನು ಆಚೆ ನೋಡು" ಎಂದರು. ನಕ್ಕರು. ಇಷ್ಟು ದಿನದಲ್ಲಿ ಮೊದಲ ಸಲ.

ಊಟದ ವಿಷಯಕ್ಕೆ, ಕಡುಬು ಕೋಳಿಸಾರು ಮಾಡಿ ಎಂದಿದ್ದಾರೆ.

ಕೂಡ್ಲಿಸಂಗಮ · ಜೂನ್ 6, ರಾತ್ರಿ 10:25

ಅದರಲ್ಲಿ ನಾಸ್ತಿಕತನ ಏನು ಬಂತು? ನಿಮ್ಮ ಕಡೆ ಎಡೆಗೂ ಕೋಳಿಸಾರೇ ಅಲ್ವಾ ಇಡುವುದು?

ಮೇಷ್ಟ್ರಮಗಳು · ಜೂನ್ 6, ರಾತ್ರಿ 10:31

ಎಡೆಗೆ ಇಟ್ಟು ಕಾಗೆಗೆ ಕಾಯುವುದು ಬೇಡವಂತೆ. ಬಿಸಿ ಇರುವಾಗಲೇ ತಿನ್ನಬೇಕಂತೆ.

ಮೇಷ್ಟ್ರಮಗಳು · ಆಗಸ್ಟ್ 19, ರಾತ್ರಿ 9:05

ಅಪ್ಪಯ್ಯ ಹೋದ ತಿಂಗಳು ತೀರಿಕೊಂಡರು. ಬೆಳಗಿನ ಜಾವ ನಾಲ್ಕಕ್ಕೆ, ಮನೆಯಲ್ಲೇ. ಇಲ್ಲಿ ಅಷ್ಟು ಜನ ಕೂತು ಹೇಳಿಕೊಟ್ಟಿರಿ, ಏನಾಯಿತು ಎಂದು ಹೇಳಬೇಕಲ್ಲ.

ಫ್ಯಾನ್ ಆಫ್ ಮಾಡುವ ಕೆಲಸ ಇರಲಿಲ್ಲ, ಕರೆಂಟ್ ಹಿಂದಿನ ದಿನವೇ ಹೋಗಿತ್ತು. ನರ್ಸಕ್ಕ ಹೇಳಿದ ಹಾಗೆ ಒದ್ದೆ ಹತ್ತಿ ಇಟ್ಟೆ. ನೇತ್ರ ಬ್ಯಾಂಕಿನವರು ಶಿವಮೊಗ್ಗದಿಂದ ಹೊರಟರು. ದಾರಿಯಲ್ಲಿ ಮರ ಬಿದ್ದಿತ್ತು. ಊರಿನ ಹುಡುಗರು ಕತ್ತಿ ತೆಗೆದುಕೊಂಡು ಹೋಗಿ ಕಡಿದು ದಾರಿ ಮಾಡಿಕೊಟ್ಟರು. ಒಂಬತ್ತು ಗಂಟೆಗೆ ಬಂದು ಮುಟ್ಟಿದರು. ಒಂದು ಗಂಟೆ ಉಳಿದಿತ್ತು.

ಪಟ್ಟಿ ಗೋಡೆಗೆ ಅಂಟಿಸಿದ್ದೆ. ಮೈ ಒರೆಸಿ ಬಿಳಿ ಪಂಚೆ, ಶಾಲೆಗೆ ಹಾಕುತ್ತಿದ್ದ ನೀಲಿ ಅಂಗಿ ತೊಡಿಸಿದ್ದು ಅಣ್ಣ ಮತ್ತು ನಾನು. ಜೇಬಿನಲ್ಲಿ ಕೆಂಪು ಪೆನ್ ಇಟ್ಟಿದ್ದು ಮೊಮ್ಮಗಳು, ಅದು ಪಟ್ಟಿಯಲ್ಲಿ ಇರಲಿಲ್ಲ. ಚಟ್ಟಕ್ಕೆ ಅಡಿಕೆ ದಬ್ಬೆ. ಹೆಗಲು ಕೊಟ್ಟವರು ಅಪ್ಪಯ್ಯನ ನಾಲ್ಕು ಜನ ಹಳೇ ವಿದ್ಯಾರ್ಥಿಗಳು, ನಾಲ್ಕು ಬೇರೆ ಬೇರೆ ಕೇರಿಯವರು. ಒಬ್ಬರು ಹಿರಿಯರು ಜಗಲಿ ಹತ್ತದೆ ಅಂಗಳದಿಂದಲೇ ತಿರುಗಿ ಹೋದರು. ಹೆಸರು ಹೇಳುವುದಿಲ್ಲ. ಉಳಿದವರು ಹತ್ತಿದರು, ಕಾಫಿ ಕುಡಿದರು. ಸ್ಟೀಲ್ ಲೋಟ ಸಾಲಲಿಲ್ಲ, ಪಕ್ಕದ ಮನೆಯಿಂದ ತಂದೆವು.

ತಲೆಯ ಹತ್ತಿರ ದೀಪ ಇತ್ತು. ಎತ್ತುವ ಮೊದಲು ಅಮ್ಮ ತುಳಸಿ ನೀರು ಬಿಟ್ಟರು. ಆಮೇಲೆ ಸೆರಗಿನ ಗಂಟಿನಿಂದ ಏನೋ ತೆಗೆದು ಅಪ್ಪಯ್ಯನ ಮುಷ್ಟಿಯಲ್ಲಿ ಇಟ್ಟ ಹಾಗಿತ್ತು. ನಾನು ಆಚೆ ನೋಡಿದೆ.

ಎರಡು ಮಾತು ಹೇಳಬೇಕಾದವನು ಅಣ್ಣ. ಬರೆದುಕೊಂಡು ಬಂದಿದ್ದ. ಬಾಯಿ ತೆರೆದ, ಆಗಲಿಲ್ಲ. ಮಳೆ ತಗಡಿನ ಮೇಲೆ ಹೊಯ್ಯುತ್ತಿತ್ತು, ಏನು ಹೇಳಿದರೂ ಕೇಳಿಸುವ ಹಾಗೂ ಇರಲಿಲ್ಲ. ಅಷ್ಟರಲ್ಲಿ ಹೆಗಲು ಕೊಡಲು ನಿಂತಿದ್ದವರಲ್ಲಿ ಒಬ್ಬರು, ಈಗ ಅವರೇ ಅಜ್ಜ, ಜೋರಾಗಿ "ಹತ್ತೊಂಬತ್ತೊಂದ್ಲಿ ಹತ್ತೊಂಬತ್ತು" ಎಂದರು. ಅಪ್ಪಯ್ಯ ಹತ್ತೊಂಬತ್ತರ ಮಗ್ಗಿ ಬಾರದೆ ಯಾರನ್ನೂ ಏಳನೇ ಕ್ಲಾಸಿಗೆ ಬಿಡುತ್ತಿರಲಿಲ್ಲ. ಎರಡನೇ ಸಾಲಿಗೆ ಹತ್ತು ಜನ ಸೇರಿದರು. ಮೂರಕ್ಕೆ ಅಂಗಳ ಪೂರ್ತಿ. ಏಳರಲ್ಲಿ ಆ ಅಜ್ಜ ತಪ್ಪಿದರು. ಹಿಂದಿನಿಂದ ಹೆಂಗಸರೆಲ್ಲ "ನೂರ ಮೂವತ್ತಮೂರು!" ಎಂದು ಕೂಗಿದರು. ಅಮ್ಮನೂ.

ಹತ್ತು ಮುಗಿದ ಕೂಡಲೇ ಎತ್ತಿದೆವು. ಕೊಳ್ಳಿ ಇಟ್ಟಿದ್ದು ನಾನು ಮತ್ತು ಅಣ್ಣ, ಇಬ್ಬರ ಕೈಯೂ ಒಂದೇ ಕೊಳ್ಳಿಯಲ್ಲಿ. ಬೂದಿ ಮೇಲಿನ ತೋಟದ ಮಾವಿನ ಬುಡದಲ್ಲಿದೆ. ಎಲ್ಲಿ ಎಂದು ಕೊನೆಗೆ ಅವರೇ ಹೇಳಿದ್ದರು.

ಹಲಗೆಸದ್ದು · ಆಗಸ್ಟ್ 19, ರಾತ್ರಿ 9:30

ಅಂಗಳದಿಂದ ತಿರುಗಿ ಹೋದವರ ಬಗ್ಗೆ ಬಿಡಿ. ಲೋಟ ಸಾಲಲಿಲ್ಲ ಎಂದಿರಲ್ಲ, ಅದು ನನಗೆ ಸಾಕು.

ಸಾಗರದಮಾಣಿ · ಆಗಸ್ಟ್ 19, ರಾತ್ರಿ 9:44

ಹನ್ನೊಂದನೇ ದಿನ ಏನೂ ಮಾಡಲಿಲ್ಲವಾ?

ಮೇಷ್ಟ್ರಮಗಳು · ಆಗಸ್ಟ್ 19, ರಾತ್ರಿ 9:50

ಒಂಬತ್ತನೇ ದಿನ ಭಾನುವಾರ ಬಂತು. ಕಡುಬು, ಕೋಳಿಸಾರು. ತಿನ್ನದವರಿಗೆ ಕಳಲೆ ಪಲ್ಯ. ಯಾರೂ ಮೈಕ್ ಹಿಡಿಯಲಿಲ್ಲ.

ಸಾಗರದಮಾಣಿ · ಆಗಸ್ಟ್ 19, ರಾತ್ರಿ 9:58

ಕಳಲೆ ಪಲ್ಯ ಇತ್ತೆಂದರೆ ನಾನೂ ಬರುತ್ತಿದ್ದೆ ಅಕ್ಕ. ಹೇಳಬಾರದಿತ್ತಾ?

ಅಡಿಕೆಸಿಪ್ಪೆ · ಆಗಸ್ಟ್ 20, ಬೆಳಿಗ್ಗೆ 6:40

ತಗಡು ಎಷ್ಟು ಬೇಕಾಯಿತು? ನಮ್ಮ ಅಜ್ಜಿಗೂ ಹುಷಾರಿಲ್ಲ, ತಂದಿಡೋಣ ಎಂದು ಕೇಳಿದೆ.

ಮೇಷ್ಟ್ರಮಗಳು · ಆಗಸ್ಟ್ 20, ಬೆಳಿಗ್ಗೆ 7:15

ಹತ್ತಡಿಯದು ಆರು. ಎರಡು ಸುಟ್ಟು ಕಪ್ಪಾದವು, ನಾಲ್ಕು ಚೆನ್ನಾಗಿವೆ. ಸೌದೆ ಕೊಟ್ಟಿಗೆಯ ಮೇಲೆ ಹಾಕಿಸಿದ್ದೇನೆ, ಬೇಕಿದ್ದರೆ ಪಿಕಪ್ ಕಳಿಸಿ ಒಯ್ಯಿರಿ.